ವೃದ್ಧಸೇವೆಯೂ ತ್ರಿವಿಧ ದಾಸೋಹವೂ

ಗುರುವಿಗೆ ತನುವನ್ನೂ ಲಿಂಗಕ್ಕೆ ಮನವನ್ನೂ ಜಂಗಮಕ್ಕೆ ಧನವನ್ನೂ ಸವೆಸಬೇಕೆಂಬುದು ಕಲ್ಯಾಣದ ಶರಣರು ಹಾಕಿಕೊಟ್ಟ ಮೇಲ್ಪಂಕ್ತಿ. ಈ ಮೂರರಲ್ಲಿ ಒಂದನ್ನು ಧಾರಾಳವಾಗಿ ಕೊಟ್ಟು ಉಳಿದೆರಡನ್ನು ಬಚ್ಚಿಟ್ಟುಕೊಂಡರೆ ಅದು ದಾಸೋಹವೆನಿಸದು, ವ್ಯವಹಾರವೆನಿಸುವುದು. ಈ ವಿವೇಕವು ಮಠದ ಪ್ರಾಂಗಣಕ್ಕೆ ಮಾತ್ರ ಸಲ್ಲತಕ್ಕದ್ದೆಂದು ತಿಳಿದವರು ಅನೇಕರು. ಆದರೆ ಅದರ ನಿಜವಾದ ಪರೀಕ್ಷೆ ನಡೆಯುವುದು ಮನೆಯ ಒಳಕೋಣೆಯಲ್ಲಿ, ಎದ್ದು ನಡೆಯಲಾರದ ತಾಯಿಯ ಮಂಚದ ಬದಿಯಲ್ಲಿ.

ಒಂದು ಮನೆಯ ಸಂಗತಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಧಾರವಾಡದ ಕಡೆಯ ಒಂದು ಊರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತುನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ತಾಯಿ, ವಯಸ್ಸು ಎಪ್ಪತ್ತೆಂಟು, ಪತಿ ಲಿಂಗೈಕ್ಯರಾಗಿ ಆರು ವರ್ಷ. ಹಿರಿಯ ಮಗ ಬೆಂಗಳೂರಿನಲ್ಲಿ, ಮಗಳು ಹುಬ್ಬಳ್ಳಿಯಲ್ಲಿ, ಕಿರಿಯವನು ಅಮೆರಿಕದಲ್ಲಿ. ತಾಯಿ ಒಬ್ಬಳೇ ಇದ್ದಳು. ಒಂದು ಮುಂಜಾನೆ ಬಚ್ಚಲಲ್ಲಿ ಜಾರಿ ಬಿದ್ದಳು, ತೊಡೆಯ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳ ಬಳಿಕ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲವಳಾದಳು. ಸ್ನಾನಕ್ಕೆ, ಉಡುವುದಕ್ಕೆ, ಹೊತ್ತುಹೊತ್ತಿಗೆ ಔಷಧಿಗೆ ಇನ್ನೊಬ್ಬರ ಕೈ ಬೇಕಾಯಿತು.

ಮಕ್ಕಳು ಮೂವರೂ ಕೂಡಿದರು. ಕಿರಿಯವನು ಫೋನಿನ ಪರದೆಯ ಮೇಲೆ. ಹಿರಿಯವನು, ಅವ್ವನನ್ನು ಹೊರಗಿಟ್ಟರೆ ಲೋಕ ಏನೆಂದೀತು, ಬೆಂಗಳೂರಿನ ಮನೆಗೇ ಬರಲಿ ಎಂದನು. ಅವನ ಮಡದಿ ಮಾತಾಡಲಿಲ್ಲ. ಅವಳು ದಿನವೂ ಎಂಟು ಗಂಟೆಗೆ ಕೆಲಸಕ್ಕೆ ಹೋಗಿ ಏಳಕ್ಕೆ ಮರಳುವವಳು. ಅತ್ತೆಗೆ ಸ್ನಾನ ಮಾಡಿಸುವ ಕೈ ತನ್ನದೇ ಎಂಬುದು ಅವಳಿಗೆ ಗೊತ್ತಿತ್ತು. ಇಂತಹ ಸಭೆಗಳಲ್ಲಿ ‘ಮನೆಯಲ್ಲೇ ಇರಲಿ’ ಎಂದು ಗಟ್ಟಿಯಾಗಿ ಹೇಳುವವರು ಬಹುಮಟ್ಟಿಗೆ ಗಂಡಸರು. ತನುವನ್ನು ಸವೆಸತಕ್ಕವರು ಸೊಸೆಯಂದಿರು. ಪರರ ತನುವನ್ನು ತನ್ನ ಹೆಸರಿನಲ್ಲಿ ಅರ್ಪಿಸುವುದು ಯಾವ ದಾಸೋಹ? ಕಿರಿಯವನು ಬೇರೊಂದು ದಾರಿ ತೋರಿದನು. ಒಳ್ಳೆಯ ವೃದ್ಧನಿವಾಸವೊಂದನ್ನು ಹುಡುಕಿರಿ, ಹಣವೆಲ್ಲ ತನ್ನದು, ಉಳಿದುದನ್ನು ಅಣ್ಣನೂ ಅಕ್ಕನೂ ನೋಡಿಕೊಳ್ಳಲಿ ಎಂದನು. ಊರ ಮನೆಯನ್ನು ಮಾರಿಬಿಡೋಣವೆಂಬ ಮಾತೂ ಬಂದಿತು. ಆಗ ಗೋಡೆಗೆ ಒರಗಿ ಕೂತಿದ್ದ ತಾಯಿ ಮೊದಲ ಬಾರಿಗೆ ಬಾಯಿ ತೆರೆದಳು: “ರೊಕ್ಕ ನನ್ನ ಹತ್ರಾನೂ ಅದ ತಮ್ಮಾ. ಯಾರು ಯಾವ ವಾರ ಬರ್ತೀರಿ, ಅದನ್ನ ಮೊದಲ ಹೇಳ್ರಿ.”

ಆವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಆದಾಯವೆಷ್ಟೆಂಬುದೂ ಮಕ್ಕಳಿಗೆ ತಿಳಿಯದು.

ವೃದ್ಧರನ್ನು ಹೊರಗಿನ ನಿವಾಸದಲ್ಲಿ ಇರಿಸುವುದು ಅಧರ್ಮವೆಂದು ಕೆಲವರು, ಕಾಲಧರ್ಮವೆಂದು ಕೆಲವರು ವಾದಿಸುತ್ತಾರೆ. ಮನುಸ್ಮೃತಿಯಲ್ಲಿ ಗೃಹಸ್ಥನು ತನ್ನ ತಲೆ ನರೆತುದನ್ನೂ ಮೊಮ್ಮಗನ ಮುಖವನ್ನೂ ಕಂಡು ಅರಣ್ಯಕ್ಕೆ ಹೊರಡುವ ವಿಧಿಯುಂಟು. ಶರಣರು ಆ ವನವಾಸವನ್ನು ದೊಡ್ಡದೆಂದು ಎಣಿಸಿದವರಲ್ಲ. ಸಂಸಾರದಲ್ಲಿದ್ದೇ ಸಾಧನೆ ಎಂದವರು. ಅದೆಂತಾದರೂ ಇರಲಿ, ವಾನಪ್ರಸ್ಥನು ತಾನಾಗಿ ಹೋದವನು, ಕಳುಹಿಸಲ್ಪಟ್ಟವನಲ್ಲ ಎಂಬುದು ಗಮನಿಸತಕ್ಕ ಅಂಶ. ಇಂದು ವೃದ್ಧಾಶ್ರಮವೆಂಬ ಶಬ್ದಕ್ಕೆ ಅಂಟಿದ ಕಳಂಕವೆಲ್ಲ ಆ ವ್ಯತ್ಯಾಸದಿಂದ ಬಂದುದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುವು ಮನೆಗೆ ಮರಳುವ ಶಿಷ್ಯನಿಗೆ ಪೂಜ್ಯರನ್ನು ಹೇಳುವಾಗ ತಾಯಿಯನ್ನು ಮೊದಲಿಗೂ ಅತಿಥಿಯನ್ನು ಕೊನೆಗೂ ಇರಿಸಿದ್ದಾನೆ. ಎಷ್ಟೋ ಮನೆಗಳಲ್ಲಿ ತಾಯಿಯು ಮೊದಲ ಸ್ಥಾನದಿಂದ ಜಾರಿ ಅತಿಥಿಯಾಗಿದ್ದಾಳೆ. ಹಿರಿಯ ಮಗನಲ್ಲಿ ನಾಲ್ಕು ತಿಂಗಳು, ಕಿರಿಯವನಲ್ಲಿ ನಾಲ್ಕು ತಿಂಗಳು, ಚೀಲ ಹಿಡಿದು ಬಾಗಿಲಿಂದ ಬಾಗಿಲಿಗೆ. ಆ ಬಾಳಿಗಿಂತ ತಾನು ಒಪ್ಪಿ ಆರಿಸಿದ ಒಂದು ಕೋಣೆ ಮೇಲೆಂದು ಹಿರಿಯ ಜೀವವೊಂದು ಭಾವಿಸಿದರೆ ಅದರಲ್ಲಿ ಅಧರ್ಮವೇನು?

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು; ನೂರಕ್ಕೆ 8.6ರಷ್ಟು. ಕರ್ನಾಟಕದಲ್ಲಿ ಆ ಪ್ರಮಾಣ ನೂರಕ್ಕೆ 9.5. ಆದುದರಿಂದ ಇದು ಒಂದೆರಡು ಮನೆಗಳ ಪ್ರಶ್ನೆಯಲ್ಲ. ಆದರೂ ನಿವಾಸಗಳಲ್ಲಿರುವ ಭೇದವನ್ನು ತಿಳಿದವರು ವಿರಳ. ನಿರ್ಗತಿಕರಿಗೆ ಉಚಿತವಾಗಿ ಅನ್ನವಸತಿ ಕೊಡುವ ವೃದ್ಧಾಶ್ರಮ ಒಂದು ಬಗೆ. ಕೈಕಾಲು ಗಟ್ಟಿಯಿರುವ ಹಿರಿಯರು ಮನೆ ಕೊಂಡೋ ಬಾಡಿಗೆಗೆ ಹಿಡಿದೋ ಇರುವ ನಿವೃತ್ತರ ಬಡಾವಣೆ ಇನ್ನೊಂದು. ಸ್ನಾನ, ಉಡುಗೆ, ಔಷಧಿ, ನಡೆದಾಟಗಳಿಗೆ ಕೈಯಾಸರೆ ಕೊಡುವ ನಿವಾಸ ಮೂರನೆಯದು. ಇದನ್ನೇ ಈಗ ಅಸಿಸ್ಟೆಡ್ ಲಿವಿಂಗ್ ಎನ್ನುತ್ತಾರೆ, ಕನ್ನಡದಲ್ಲಿ ನೆರವಿನ ನಿವಾಸ ಎನ್ನಬಹುದು. ಹಾಸಿಗೆ ಹಿಡಿದವರಿಗೂ ಮರೆವಿನ ರೋಗದವರಿಗೂ ಹಗಲಿರುಳು ದಾದಿಯರ ಆರೈಕೆಯುಳ್ಳದ್ದು ಮತ್ತೊಂದು. ಎರಡನೆಯ ಬಗೆಯ ಮನೆಗೆ ಹಣ ಕಟ್ಟಿ ನಾಲ್ಕನೆಯ ಬಗೆಯ ಸೇವೆಯನ್ನು ನಿರೀಕ್ಷಿಸಿ, ತಾಯಿ ನೆಲ ಹಿಡಿದ ದಿನ ‘ಕರೆದುಕೊಂಡು ಹೋಗಿರಿ’ ಎಂಬ ಮಾತು ಕೇಳಿ ದಿಗ್ಭ್ರಾಂತರಾದವರುಂಟು. ಕೇಂದ್ರದ ವಸತಿ ಸಚಿವಾಲಯವು 2019ರಲ್ಲಿ ನಿವೃತ್ತರ ನಿವಾಸಗಳ ಬಗ್ಗೆ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು; ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ, ತಾನಾಗಿ ಎಲ್ಲ ನಿವಾಸಗಳನ್ನು ಕಟ್ಟಿಹಾಕುವ ಕಾಯಿದೆಯಲ್ಲ. ನೋಡಿ ಆರಿಸುವ ಭಾರ ಮನೆಯವರ ಮೇಲೆಯೇ ಇದೆ.

ಈಗ ಧನದ ವಿಚಾರ. ಧನವನ್ನು ಕೀಳೆಂದು ಶರಣರು ಎಂದೂ ಬಗೆದವರಲ್ಲ. ಸತ್ಯಶುದ್ಧವಾದ ಕಾಯಕದಿಂದ ಬಂದುದೇ ಎಂಬುದೊಂದೇ ಅವರ ಪ್ರಶ್ನೆ. ಆ ತಾಯಿಯ ಮಗಳು ಕಾಗದ ಹಿಡಿದು ಕೂತಳು. ತಾಯಿಯ ನಿವೃತ್ತಿವೇತನ ತಿಂಗಳಿಗೆ 24,000 ರೂಪಾಯಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹತ್ತು ಲಕ್ಷ. ಈ ಯೋಜನೆ 2004ರಲ್ಲಿ ಆರಂಭವಾದುದು. ಅಂಚೆ ಕಚೇರಿಯಲ್ಲೂ ಬ್ಯಾಂಕಿನಲ್ಲೂ ಇಡಬಹುದು. 2023ರ ಏಪ್ರಿಲಿನಲ್ಲಿ ಇದರ ಮಿತಿ ಮೂವತ್ತು ಲಕ್ಷಕ್ಕೇರಿತು, ಬಡ್ಡಿ ನೂರಕ್ಕೆ 8.2 ಆಯಿತು. ಅವಳು ಹಣವಿಟ್ಟದ್ದು ಆ ದರದಲ್ಲಿ. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ಬರುವುದರಿಂದ ತಿಂಗಳಿಗೆ 6,833 ಎಂದಾಯಿತು. ಊರ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟರೆ 9,000. ಒಟ್ಟು 39,833. ಅವರು ನೋಡಿಬಂದ ನಿವಾಸದ ವೆಚ್ಚ ತಿಂಗಳಿಗೆ 35,000. ಉಳಿದ 4,833 ಔಷಧಿಗೆ. ತಾಯಿಯ ಖರ್ಚನ್ನು ಯಾರು ಹೊರಬೇಕೆಂದು ಎರಡು ದಿನ ವಾದಿಸಿದ ಮಕ್ಕಳ ಮುಂದೆ, ಮೂವತ್ತುನಾಲ್ಕು ವರ್ಷದ ಅವಳ ಕಾಯಕವೇ ಅದನ್ನು ಹೊತ್ತು ನಿಂತಿತು.

ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದು ಅವಿವೇಕ. ನಿವಾಸದ ದರ ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿದರೆ ಒಂಬತ್ತು ವರ್ಷದಲ್ಲಿ ಅದು ಇಮ್ಮಡಿಯಾಗುವುದು. 35,000 ಹೋಗಿ 70,000. ನಿವೃತ್ತಿವೇತನಕ್ಕೆ ತುಟ್ಟಿಭತ್ಯ ಸೇರಬಹುದು, ಬಡ್ಡಿ ಬೆಳೆಯದು. ಹಾಸಿಗೆ ಹಿಡಿದರೆ ಆರೈಕೆಯ ಶುಲ್ಕ ಬೇರೆ. ಡಯಾಪರ್, ವ್ಯಾಯಾಮ ಚಿಕಿತ್ಸೆ, ರಾತ್ರಿಯ ಪ್ರತ್ಯೇಕ ಆಯಾ, ಇವೆಲ್ಲ ತಿಂಗಳ ದರದೊಳಗೆ ಸೇರಿವೆಯೋ ಹೊರಗಿವೆಯೋ ಎಂಬುದನ್ನು ಕರಾರುಪತ್ರದಲ್ಲಿ ಬೆರಳಿಟ್ಟು ಓದಬೇಕು. ಠೇವಣಿ ಎಷ್ಟು, ಅದರಲ್ಲಿ ಮರಳಿ ಬರುವುದೆಷ್ಟು, ಮುಂಚೆಯೇ ಬಿಟ್ಟರೆ ಅಥವಾ ತೀರಿಕೊಂಡರೆ ಎಷ್ಟು ದಿನದಲ್ಲಿ ಯಾರ ಕೈಗೆ ಬರುವುದು, ಇದೂ ಬರೆಹದಲ್ಲಿರಬೇಕು. ಆರೋಗ್ಯವಿಮೆ ಸಾಮಾನ್ಯವಾಗಿ ಆಸ್ಪತ್ರೆಯ ಚಿಕಿತ್ಸೆಗೆ ಸಲ್ಲುವುದೇ ಹೊರತು ಇಂತಹ ನಿವಾಸದ ತಿಂಗಳ ವೆಚ್ಚಕ್ಕಲ್ಲ. 2024ರ ಅಕ್ಟೋಬರಿನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಆದಾಯದ ಭೇದವಿಲ್ಲದೆ ವಿಸ್ತರಿಸಲಾದ ಆಯುಷ್ಮಾನ್ ಭಾರತ ಯೋಜನೆಯ ಐದು ಲಕ್ಷದ ನೆರವೂ ಆಸ್ಪತ್ರೆಗೇ. ಇದನ್ನರಿಯದೆ ‘ವಿಮೆ ಇದೆಯಲ್ಲ’ ಎಂದು ನಿಶ್ಚಿಂತರಾಗಿರುವವರು ಬಹಳ.

ಮನೆಯೊಂದೇ ಆಸ್ತಿ, ಕೈಯಲ್ಲಿ ಹಣವಿಲ್ಲ ಎಂಬ ಹಿರಿಯರೂ ಇದ್ದಾರೆ. ಅವರಿಗಾಗಿ ಬ್ಯಾಂಕುಗಳಲ್ಲಿ ವಿಪರೀತ ಅಡಮಾನವೆಂಬ ಪದ್ಧತಿ 2007ರ ಸುಮಾರಿಗೆ ಬಂದಿತು. ಮನೆಯ ಮೇಲೆ ಬ್ಯಾಂಕು ಕಂತುಕಂತಾಗಿ ಹಣ ಕೊಡುವುದು. ಅವರು ಬದುಕಿ ಆ ಮನೆಯಲ್ಲಿರುವವರೆಗೆ ಸಾಲ ತೀರಿಸಬೇಕಿಲ್ಲ. ಅನಂತರ ಮಕ್ಕಳು ತೀರಿಸಿ ಮನೆ ಬಿಡಿಸಿಕೊಳ್ಳಬಹುದು, ಇಲ್ಲವೆ ಬ್ಯಾಂಕು ಮಾರುವುದು. ಮನೆಯಲ್ಲೇ ಇದ್ದು ಆರೈಕೆಯ ಆಳನ್ನು ಇಟ್ಟುಕೊಳ್ಳುವವರಿಗೆ ಇದು ಹೊಂದುವುದು. ಮನೆ ಬಿಟ್ಟು ಹೋಗುವವರಿಗೆ ಅಷ್ಟಾಗಿ ಹೊಂದದು. ಈ ದೇಶದಲ್ಲಿ ಇದು ಹೆಚ್ಚು ಬಳಕೆಗೆ ಬರಲಿಲ್ಲ. ತಂದೆಯ ಮನೆಯನ್ನು ತಂದೆಯ ಹೊಟ್ಟೆಗಾಗಿ ಕರಗಿಸುವುದಕ್ಕೂ ಮಕ್ಕಳ ಮುಖ ನೋಡುವ ಮನೋಧರ್ಮ ನಮ್ಮವರದು.

ಅದಕ್ಕಿಂತ ಅಪಾಯಕರವಾದುದು ಮುಂಚೆಯೇ ದಾನಪತ್ರ ಬರೆದುಕೊಡುವ ರೂಢಿ. ‘ನೀನೇ ನೋಡಿಕೊಳ್ಳುವವನಲ್ಲವೆ’ ಎಂದು ಮಗನ ಹೆಸರಿಗೆ ಮನೆ ಬರೆದ ಮರುವರ್ಷ ಊಟಕ್ಕೆ ಕೈಯೊಡ್ಡಿದವರ ಕಥೆ ಊರೂರಲ್ಲಿದೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ 23ನೆಯ ಪ್ರಕರಣದಲ್ಲಿ, ಪೋಷಿಸತಕ್ಕದ್ದೆಂಬ ನಿಬಂಧನೆಯ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ಪೋಷಿಸದಿದ್ದರೆ ಆ ಪತ್ರವನ್ನು ರದ್ದುಪಡಿಸುವ ಅವಕಾಶವಿದೆ. ಆದರೆ ನಿಬಂಧನೆ ಇದ್ದುದು ತೋರದಿದ್ದರೆ ಪ್ರಕರಣ ಅನ್ವಯಿಸದೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬಳ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಕಾಯಿದೆಯನ್ನು ಹಿರಿಯರ ಹಿತದೃಷ್ಟಿಯಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ದಾನಪತ್ರವನ್ನು ರದ್ದುಗೊಳಿಸಿತು. ಆ ಮೊಕದ್ದಮೆಯಲ್ಲಿ ಮಗನು ಪೋಷಿಸುವೆನೆಂದು ಬರೆದುಕೊಟ್ಟ ಕಾಗದವೂ ಹಾಜರಾಗಿತ್ತು. ಅದರ ಹೆಸರು ‘ವಚನಪತ್ರ’! ವಚನವೆಂಬ ಶಬ್ದವನ್ನು ನಿತ್ಯ ಪಾರಾಯಣ ಮಾಡುವವರಿಗೆ ಈ ಹೆಸರು ಚುಚ್ಚದಿರದು. ಕೊಡಲೇಬೇಕೆಂದಿರುವವರು ನಿಬಂಧನೆಯನ್ನು ದಾನಪತ್ರದಲ್ಲೇ ಬರೆಸುವುದು ಲೇಸು. ತೀರಿದ ಮೇಲೆ ಜಾರಿಗೆ ಬರುವ ಉಯಿಲು ಇನ್ನೂ ಲೇಸು.

ಅದೇ ಕಾಯಿದೆಯಂತೆ ಮಗನಷ್ಟೇ ಅಲ್ಲ, ಮಗಳೂ ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಪೋಷಣೆಗೆ ಹೊಣೆ. ಹಿರಿಯರು ವಕೀಲರಿಲ್ಲದೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು; ಕಾಯಿದೆಯಲ್ಲಿ ಪೋಷಣೆಯ ಗರಿಷ್ಠ ಮಿತಿ ತಿಂಗಳಿಗೆ ಹತ್ತು ಸಾವಿರ. ದಿಕ್ಕು ತೋಚದವರಿಗೆ 14567 ಎಂಬ ಸಹಾಯವಾಣಿಯುಂಟು. ಜಿಲ್ಲೆಗೊಂದರಂತೆ ಕನಿಷ್ಠ ನೂರೈವತ್ತು ನಿರ್ಗತಿಕ ವೃದ್ಧರಿಗೆ ಆಶ್ರಯ ಕಟ್ಟಬಹುದೆಂದೂ ಕಾಯಿದೆ ಹೇಳುತ್ತದೆ, ಕಟ್ಟಲೇಬೇಕೆಂದು ಹೇಳುವುದಿಲ್ಲ. ಕರ್ನಾಟಕದ ಸಂಧ್ಯಾ ಸುರಕ್ಷಾ ವೇತನ 2021ರಲ್ಲಿ 1,200 ರೂಪಾಯಿಗೇರಿತು. ಮೂವತ್ತೈದು ಸಾವಿರದ ಕೋಣೆಯ ಮಾತಾಡುತ್ತಿರುವಾಗ ಈ ಸಾವಿರದ ಇನ್ನೂರನ್ನು ನೆನೆಯದಿರುವುದು ಸಲ್ಲದು. ಕೂಲಿ ಮಾಡಿ ಮುದಿಯಾದವಳಿಗೆ ಆರಿಸಿಕೊಳ್ಳಲು ನಿವಾಸಗಳಿಲ್ಲ. ಊರವರ ದಾಸೋಹವೊಂದೇ ಇದೆ. ಸ್ಥಿತಿವಂತರು ತಮ್ಮ ತಾಯಿಗೆ ಕೋಣೆ ಹುಡುಕುವಾಗ ಅಂತಹ ಒಬ್ಬಳ ಮಧ್ಯಾಹ್ನದ ಊಟವನ್ನು ತಮ್ಮ ಲೆಕ್ಕದ ಕಾಗದದಲ್ಲಿ ಸೇರಿಸಿದರೆ ಆ ಕಾಗದ ಹರಿಯದು.

ಆಯ್ದಕ್ಕಿಯ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸದೆ ಹಿಂದಕ್ಕೆ ಸುರಿದು ಬರಲು ಕಳುಹಿಸಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ತಾಯಿಯ ನಿವೃತ್ತಿವೇತನದ ಕಾರ್ಡನ್ನು ತನ್ನ ಕಿಸೆಯಲ್ಲಿಟ್ಟುಕೊಂಡು, ನಿವಾಸದ ಶುಲ್ಕ ಕಟ್ಟಿ ಮಿಕ್ಕುದನ್ನು ‘ಮನೆಯ ಖರ್ಚಿಗೆ’ ಎಂದು ಇರಿಸಿಕೊಳ್ಳುವ ಮಗನ ಮನೆಯಲ್ಲಿ ಒಬ್ಬ ಲಕ್ಕಮ್ಮ ಇರಬೇಕು. ಮಿಕ್ಕುದು ತಾಯಿಯದು. ಅವಳು ಅದರಲ್ಲಿ ಮೊಮ್ಮಗಳಿಗೆ ಲಂಗ ತೆಗೆಯಲಿ, ಜಾತ್ರೆಗೆ ಕಾಣಿಕೆ ಕಳುಹಿಸಲಿ, ಅದು ಅವಳ ಚಿತ್ತ.

ನಿವಾಸಗಳನ್ನು ನೋಡಲು ಮಗಳು ತಾಯಿಯನ್ನೇ ಕರೆದೊಯ್ದಳು. ಮೊದಲನೆಯದು ಹೊಸ ಕಟ್ಟಡ. ಕಾರಂಜಿ, ಅಮೃತಶಿಲೆಯ ನೆಲ, ಗ್ರಂಥಾಲಯ. ಅಮೃತಶಿಲೆ ನೋಡಿ ಮಕ್ಕಳು ಹಿಗ್ಗುತ್ತಾರೆ, ಜಾರುವವರು ಮುದುಕರು. ಬಚ್ಚಲಿನಲ್ಲಿ ಹಿಡಿಕೆಯೇ ಇರಲಿಲ್ಲ. ಮಗಳು ಮತ್ತೊಮ್ಮೆ ಮುನ್ಸೂಚನೆಯಿಲ್ಲದೆ ರಾತ್ರಿ ಎಂಟೂವರೆಗೆ ಹೋಗಿ, ಪರಿಚಯವಾಗಿದ್ದ ಒಬ್ಬ ಅಜ್ಜಿಯ ಕೋಣೆಯಲ್ಲಿ ಕೂತು ಕರೆಗಂಟೆ ಒತ್ತಿಸಿದಳು. ಹನ್ನೊಂದು ನಿಮಿಷಕ್ಕೆ ಒಬ್ಬ ಹುಡುಗಿ ಬಂದಳು. ಮೂವತ್ತು ಜನರಿಗೆ ರಾತ್ರಿ ಇಬ್ಬರೇ ಇದ್ದರು. ಹಗಲಿನಲ್ಲಿ ಕಚೇರಿಯವರು ತೋರಿಸುವ ನಿವಾಸ ಬೇರೆ, ರಾತ್ರಿ ಹಿರಿಯರು ಬಾಳುವ ನಿವಾಸ ಬೇರೆ.

ಎರಡನೆಯದು ಹಳೆಯ ಕಟ್ಟಡ, ಹದಿನಾಲ್ಕು ಮಂದಿ. ಅಲ್ಲಿ ತಾಯಿ ಕಾರ್ಯದರ್ಶಿಯನ್ನು ಒಂದು ವಿಚಿತ್ರವಾದ ಪ್ರಶ್ನೆ ಕೇಳಿದಳು: “ಹಾಸಿಗಿ ಹಿಡಿದವರು ಯಾರರೆ ಇದ್ದಾರೇನ್ರಿ? ಅವರ ಉಗುರು ನೋಡಬೇಕು.” ಪ್ರತಿ ಸೋಮವಾರ ಪ್ರಾರ್ಥನೆಯ ಬಳಿಕ ಮಕ್ಕಳ ಉಗುರು ಪರೀಕ್ಷಿಸಿದ ಕಣ್ಣು ಅದು. ಮೂರು ವರ್ಷದಿಂದ ಮಲಗಿದ್ದ ವೃದ್ಧರೊಬ್ಬರ ಒಪ್ಪಿಗೆ ಪಡೆದು ಒಳಗೆ ಹೋದಳು. ಉಗುರು ಕತ್ತರಿಸಿತ್ತು; ಗಡ್ಡ ಬೋಳಿಸಿತ್ತು; ಬೆನ್ನಿನಲ್ಲಿ ಹುಣ್ಣಿರಲಿಲ್ಲ. ಹಾಸಿಗೆ ಹಿಡಿದವರನ್ನು ಇವರು ಹೊರಗೆ ಕಳುಹಿಸುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆ ವೃದ್ಧರನ್ನು ತೊಳೆದು ಮಲಗಿಸುವ ಆಯಾ ನಲವತ್ತರ ಹೆಂಗಸು. ಮಡಿವಾಳ ಮಾಚಯ್ಯನು ಶರಣರ ಮೈಲಿಗೆಯನ್ನು ತೊಳೆದು ಮಡಿ ಮಾಡಿ ತಲುಪಿಸುವುದನ್ನೇ ಶಿವಪೂಜೆಯೆಂದು ನಡೆಸಿದನು. ಪರರ ತಾಯಿಯ ಮಲಮೂತ್ರದ ಬಟ್ಟೆಯನ್ನು ಅಸಹ್ಯಿಸದೆ ತೆಗೆಯುವ ಕೈಗೆ ಅದೇ ಕಾಯಕದ ಸ್ಥಾನ ಸಲ್ಲಬೇಕು. ಮಕ್ಕಳು ತಾವು ಸವೆಸಲಾರದ ತನುವನ್ನು ಅವಳು ಸವೆಸುತ್ತಿದ್ದಾಳೆ. ಆದುದರಿಂದ ನಿವಾಸವನ್ನು ಆರಿಸುವವರು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಇವಳಿಗೆ ಸಂಬಳವೆಷ್ಟು, ವಾರಕ್ಕೊಂದು ರಜೆ ಉಂಟೋ, ಎಷ್ಟು ವರ್ಷದಿಂದ ಇಲ್ಲಿದ್ದಾಳೆ? ಮೂರು ತಿಂಗಳಿಗೊಮ್ಮೆ ಆಯಾಗಳು ಬದಲಾಗುವ ನಿವಾಸದಲ್ಲಿ ಹಿರಿಯರಿಗೆ ನೆಮ್ಮದಿಯಿರದು. ಈಕೆ ಏಳು ವರ್ಷದಿಂದ ಇದ್ದಳು.

ತಾಯಿ ಠೇವಣಿ ಕಟ್ಟುವ ಮುನ್ನ ಒಂದು ತಿಂಗಳು ಇದ್ದು ನೋಡುವೆನೆಂದಳು, ಅವರು ಒಪ್ಪಿದರು. ಬೆಳಗಿನ ಐದಕ್ಕೆ ಬಿಸಿನೀರು, ಇಷ್ಟಲಿಂಗಪೂಜೆಗೆ ಅರ್ಧ ಗಂಟೆ ಯಾರೂ ಬಾಗಿಲು ತಟ್ಟಬಾರದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಬೇಕು ಎಂಬ ಮೂರು ಮಾತು ಕರಾರಿಗೆ ಸೇರಿದವು. ತಿಂಗಳು ಕಳೆದ ಮೇಲೆ ಕರಾರುಪತ್ರಕ್ಕೆ ಸಹಿ ಹಾಕಿದವಳು ಅವಳೇ. ಅಲ್ಲಿಂದ ಮಗಳ ಮನೆಗೆ ಇಪ್ಪತ್ತು ನಿಮಿಷದ ದಾರಿ.

ಇನ್ನು ಮನ. ಧನವನ್ನು ಬ್ಯಾಂಕಿನ ಮೂಲಕ ಕಳುಹಿಸಬಹುದು. ತನುವಿನ ಸೇವೆಯಲ್ಲಿ ಪರರ ಕೈಯನ್ನು ಪಡೆಯಬಹುದು. ಮನವನ್ನು ಇನ್ನೊಬ್ಬರ ಮುಖಾಂತರ ಅರ್ಪಿಸುವ ಉಪಾಯ ಈವರೆಗೆ ಯಾರೂ ಕಂಡುಹಿಡಿದಿಲ್ಲ. ‘ಹಣವೆಲ್ಲ ನನ್ನದು’ ಎಂದ ಕಿರಿಯ ಮಗ ಕೆಟ್ಟವನಲ್ಲ. ದೂರದಲ್ಲಿರುವವನ ಬಳಿ ಹಣವೊಂದೇ ಹತ್ತಿರವಿರುವುದು. ಅದನ್ನೇ ಮೊದಲು ನೀಡುತ್ತಾನೆ. ತಾಯಿಯೂ ಅವನನ್ನು ಜರೆಯಲಿಲ್ಲ. ಅವನ ಹಣವನ್ನು ಈಗ ಬೇಡವೆಂದು ಹೇಳಿ, ಒಂಬತ್ತು ವರ್ಷದ ಬಳಿಕದ ಏರಿಕೆಗೆಂದು ಮೂವರ ಹೆಸರಿನಲ್ಲೂ ಕೂಡಿಡಲು ಒಪ್ಪಿಸಿದಳು. ಸಮಪಾಲಲ್ಲ, ಅವರವರ ಶಕ್ತಿಯಂತೆ. ಅನಂತರ ತನ್ನ ಮೊದಲ ಪ್ರಶ್ನೆಗೆ ಮರಳಿದಳು.

ಮಗಳು ಬುಧವಾರವೂ ಎರಡನೆಯ ಭಾನುವಾರವೂ ಬರುವುದಾಗಿ ಹೇಳಿದಳು. ಹಿರಿಯವನು ತಿಂಗಳ ಕೊನೆಯ ಶನಿವಾರ ರೈಲಿನಲ್ಲಿ ಬಂದು ಭಾನುವಾರವಿದ್ದು ಮರಳುವುದು. ಸೊಸೆ ಹಬ್ಬದಲ್ಲಿ ನಾಲ್ಕು ದಿನ ಅತ್ತೆಯನ್ನು ಮನೆಗೆ ಕರೆದೊಯ್ಯುವೆನೆಂದು ತಾನಾಗಿ ನುಡಿದಳು, ಆ ಸಭೆಯಲ್ಲಿ ಅವಳಾಡಿದ ಮೊದಲ ಮಾತು ಅದು. ಕಿರಿಯವನಿಗೆ ಅಲ್ಲಿ ರಾತ್ರಿಯಾಗುವ ಹೊತ್ತು ಇಲ್ಲಿ ತಾಯಿಯ ಪೂಜೆ ಮುಗಿಯುವ ಹೊತ್ತು. ದಿನವೂ ಆರೂವರೆಗೆ ಹತ್ತು ನಿಮಿಷ ಮಾತಾಡತಕ್ಕದ್ದೆಂದು ಗೊತ್ತಾಯಿತು. ತಾಯಿ ಗೆರೆ ಎಳೆದ ಒಂದು ನೋಟುಬುಕ್ಕನ್ನು ತರಿಸಿ ಮೂವರ ಹೆಸರನ್ನೂ ದುಂಡಾಗಿ ಬರೆದು, ಶಾಲೆಯ ಹಾಜರಿ ಪುಸ್ತಕದಂತೆ ತಾರೀಖಿನ ಮನೆಗಳನ್ನು ಮಾಡಿ, ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ. ಮೊದಲ ತಿಂಗಳು ಕಿರಿಯವನ ಸಾಲಿನಲ್ಲಿ ಎರಡು ಗೈರು ಬಿದ್ದವು. ಅದನ್ನು ಅವನಿಗೆ ಓದಿ ಹೇಳಿದಳು.